ಗುಂಡೂ ಸಾಕ್ಷಿ ನುಡಿಯುತ್ತದೆ

ಚಾಣಕ್ಯಪುರಿಯಲ್ಲಿ, ನಮ್ಮ ಕರ್ನಾಟಕ ಭವನವಿರುವ ಬಡಾವಣೆಯಲ್ಲಿಯೇ, 2018ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. ಕರ್ತವ್ಯದಲ್ಲಿ ಪ್ರಾಣತೆತ್ತವರ ಹೆಸರುಗಳನ್ನು ಅಲ್ಲಿ ಶಿಲೆಯಲ್ಲಿ ಕೊರೆಯಲಾಗಿದೆ. ಅವರಲ್ಲಿ ಗುಂಡಿಗೆ ಬಲಿಯಾದವರು ಅನೇಕರು. ಹಾರಿಸಿದ ಕೈ ಯಾರದೆಂಬುದನ್ನು ಗುಂಡು ಹೇಳದು. ಆದರೆ ಹಾರಿಸಿದ ಆಯುಧ ಯಾವುದೆಂಬುದನ್ನು ಹೇಳಬಲ್ಲುದು, ಅದರ ಮೈ ಕೆಡದೆ ನಮಗೆ ದೊರೆತರೆ.

ಪಿಸ್ತೂಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾದ ತೋಡುಗಳಿರುತ್ತವೆ. ಗುಂಡು ಅವುಗಳಲ್ಲಿ ತಿರುಗುತ್ತ ಹೊರಬರುವಾಗ ನಳಿಗೆಯ ಸೂಕ್ಷ್ಮ ಏರುತಗ್ಗುಗಳು ಅದರ ಮೇಲೆ ಕೂದಲೆಳೆಯಂತಹ ಗೀರುಗಳನ್ನು ಮೂಡಿಸುತ್ತವೆ. ಶಂಕಿತ ಆಯುಧದಿಂದ ಪ್ರಯೋಗಾಲಯದಲ್ಲಿ ಇನ್ನೊಂದು ಗುಂಡು ಹಾರಿಸಿ, ಎರಡನ್ನೂ ತೌಲನಿಕ ಸೂಕ್ಷ್ಮದರ್ಶಕದಲ್ಲಿ ಒಟ್ಟಿಗೆ ನೋಡುವ ಕ್ರಮವನ್ನು 1920ರ ದಶಕದಲ್ಲಿ ರೂಢಿಗೆ ತಂದವರಲ್ಲಿ ಅಮೆರಿಕದ ಕ್ಯಾಲ್ವಿನ್ ಗೊಡ್ಡಾರ್ಡ್ ಪ್ರಮುಖರು. ಅವರು ವೈದ್ಯಪದವೀಧರರೆಂಬುದು ಗಮನಾರ್ಹ.

ಪರೀಕ್ಷೆಯ ಗುಂಡನ್ನು ಗೋಡೆಗೆ ಹಾರಿಸಿದರೆ ಅದು ಚಪ್ಪಟೆಯಾಗುತ್ತದೆ. ಮರಳಿಗೆ ಹಾರಿಸಿದರೆ ಹರಳುಗಳೇ ಹೊಸ ಗೀರೆಳೆಯುತ್ತವೆ. ಆದುದರಿಂದ ಉದ್ದನೆಯ ನೀರಿನ ತೊಟ್ಟಿಯೊಳಕ್ಕೆ ಹಾರಿಸುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಪಿಸ್ತೂಲಿನ ಗುಂಡು ಕೆಲವೇ ಅಡಿಗಳಲ್ಲಿ ವೇಗವನ್ನೆಲ್ಲ ಕಳೆದುಕೊಂಡು, ಮೈ ನೋಯದೆ ತಳಕ್ಕಿಳಿಯುತ್ತದೆ. ಆದರೆ ಅತಿವೇಗದ ರೈಫಲ್ ಗುಂಡು ನೀರಿಗೆ ತಾಕಿದೊಡನೆ ಒಡೆಯಬಹುದು. ಟೊಳ್ಳು ಮೂತಿಯದು ಹೂವಿನಂತೆ ಅರಳಿಬಿಡುತ್ತದೆ. ಅಂತಹವುಗಳಿಗೆ ಪೆಟ್ಟಿಗೆಯಲ್ಲಿ ತುಂಬಿದ ಹತ್ತಿಯೋ ಬೇರೆ ನಾರೋ ಬೇಕಾಗುತ್ತದೆ.

ಈ ಶಾಸ್ತ್ರ ನಮ್ಮ ನಾಡಿನ ನೋವಿಗೂ ಸಂಬಂಧಿಸಿದ್ದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಡಾ. ಎಂ. ಎಂ. ಕಲಬುರ್ಗಿಯವರು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರು ತಮ್ಮ ತಮ್ಮ ಮನೆಯ ಬಾಗಿಲ ಬಳಿಯೇ ಗುಂಡಿಗೆ ಬಲಿಯಾದರು. ಎರಡೂ ಕಡೆ ದೊರೆತ ಗುಂಡು ಮತ್ತು ತೋಟಾಗಳನ್ನು ಹೋಲಿಸಿದ ವಿಧಿವಿಜ್ಞಾನ ತಜ್ಞರು, ಬಳಕೆಯಾದುದು ಒಂದೇ 7.65 ಮಿ.ಮೀ. ನಾಡಪಿಸ್ತೂಲೆಂದು ಅಭಿಪ್ರಾಯಪಟ್ಟರು. ಅಪರಾಧಿಗಳು ಯಾರೆಂಬುದನ್ನು ನ್ಯಾಯಾಲಯವೇ ತೀರ್ಮಾನಿಸತಕ್ಕದ್ದು. ಆದರೆ ಎರಡು ಊರುಗಳ ಎರಡು ದುಃಖಗಳನ್ನು ಬೆಸೆದ ಎಳೆ ಆ ಸಣ್ಣ ಗೀರುಗಳೇ.

ಪ್ರಯೋಗಾಲಯದ ಗುಂಡಿಗೆ ನೀರಿನ ರಕ್ಷಣೆಯಿದೆ. ದೇಹದೊಳಗಿನ ಗುಂಡಿಗೆ ಶಸ್ತ್ರವೈದ್ಯರ ಕೈಯೇ ರಕ್ಷಣೆ. ಕ್ಷಕಿರಣದಿಂದ ಅದರ ನೆಲೆ ತಿಳಿದು, ಹಲ್ಲಿರುವ ಉಕ್ಕಿನ ಚಿಮಟವನ್ನು ಬಿಟ್ಟು, ರಬ್ಬರು ಹೊದಿಸಿದ ಚಿಮಟದಿಂದಲೋ ಕೈಬೆರಳಿನಿಂದಲೋ ಅದನ್ನು ತೆಗೆಯಬೇಕು. ಉಜ್ಜದೆ, ಒಣಗಿಸಿ, ಮೃದುವಾಗಿ ಸುತ್ತಿ, ಮೊಹರು ಮಾಡಿ ಪೊಲೀಸರಿಗೆ ಒಪ್ಪಿಸಬೇಕು. ಜೀವರಕ್ಷಣೆಯೇ ಮೊದಲ ಧರ್ಮ, ಸಂದೇಹವಿಲ್ಲ. ಅದರ ಬೆನ್ನಿಗೇ ಬರುವುದು ಈ ಎಚ್ಚರ. ಗಾಯಗೊಂಡವನಿಗೆ ನ್ಯಾಯ ದೊರಕುವುದು ಎಷ್ಟೋ ಸಲ ಇದರಿಂದಲೇ.