ಸಿಡ್ಕೊ ಎಂದರೆ ಯಾವ ಊರಿನ ಸಿಡ್ಕೊ?

ನಾಸಿಕ್: ಹೊಟೇಲು ಉದ್ಯಮ, ಕಾರ್ಖಾನೆ ನೌಕರಿಯ ನಿಮಿತ್ತ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿದ ಕನ್ನಡಿಗರು ವಿಳಾಸದಲ್ಲಿ ಬರೇ 'ಸಿಡ್ಕೊ' ಎಂದು ಬರೆದರೆ ಸಾಲದು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಯ ಬಡಾವಣೆಗಳು ಎರಡೂ ನಗರಗಳಲ್ಲಿವೆ.

ದಾರಿಯಲ್ಲಿ ಕೇಳಿದರೆ ಜನ ಹೇಳಿಯಾರು. ಕಂಪ್ಯೂಟರಿನ ನಕಾಶೆಗೆ ಆ ಸೌಲಭ್ಯವಿಲ್ಲ. ವಿಳಾಸವನ್ನು ನಕಾಶೆಯ ಬಿಂದುವಾಗಿಸುವ ಕೆಲಸಕ್ಕೆ ಜಿಯೋಕೋಡಿಂಗ್ ಎಂದೂ, ಅದನ್ನು ಮಾಡುವ ಸಾಧನಕ್ಕೆ ಅಡ್ರೆಸ್ ಲೊಕೇಟರ್ ಎಂದೂ ಹೆಸರು. ರಸ್ತೆ, ಬಡಾವಣೆ, ಊರು, ಪಿನ್‌ಕೋಡ್‌ಗಳ ಪಟ್ಟಿಯಿಂದ ಇದನ್ನು ತಯಾರಿಸುತ್ತಾರೆ. ನಾವು ಬರೆದ ವಿಳಾಸವನ್ನು ಅದು ಬಿಡಿಬಿಡಿಯಾಗಿಸಿ, ಪಟ್ಟಿಯೊಂದಿಗೆ ಹೋಲಿಸಿ ಅಂಕ ನೀಡುತ್ತದೆ. ಹೆಚ್ಚು ಅಂಕ ಪಡೆದ ಸ್ಥಳವೇ ಉತ್ತರ.

ಅಮೆರಿಕದಲ್ಲಿ ಸಾಮಾನ್ಯವಾಗಿ ರಸ್ತೆಯುದ್ದಕ್ಕೂ ಮನೆ ಸಂಖ್ಯೆ ಕ್ರಮವಾಗಿ ಏರುವುದರಿಂದ ಲೆಕ್ಕ ಸುಲಭ. ನಮ್ಮಲ್ಲಿ 'ಗಣಪತಿ ಮಂದಿರದ ಹಿಂದೆ' ಎಂಬುದೇ ವಿಳಾಸ. ಹಾಗಾಗಿ ಮಂದಿರ, ಶಾಲೆ, ಚೌಕಗಳನ್ನೂ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಹೆಸರು ಬದಲಾವಣೆಯದು ಇನ್ನೊಂದು ತೊಡಕು. ಔರಂಗಾಬಾದ್ 2023ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಎರಡೂ ಒಂದೇ ಊರೆಂದು ಲೊಕೇಟರಿಗೆ ತಿಳಿಸದಿದ್ದರೆ, ಅದು ಬಿಹಾರದ ಔರಂಗಾಬಾದನ್ನು ತೋರಿಸಿದರೂ ಅಚ್ಚರಿಯಿಲ್ಲ.

ಆಮಂತ್ರಣ ಪತ್ರಿಕೆ ತಡವಾದರೆ ಬೇಸರವಷ್ಟೇ. ಆಂಬುಲೆನ್ಸ್ ದಾರಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಅಂಚೆ ಇಲಾಖೆ 2025ರಲ್ಲಿ ತಂದ ಹತ್ತು ಅಕ್ಷರಾಂಕಗಳ 'ಡಿಜಿಪಿನ್' ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕವನ್ನೇ ಗುರುತಿಸುತ್ತದೆ. ಅದು ರೂಢಿಯಾಗುವವರೆಗೆ ಸಂಘದ ಸದಸ್ಯತ್ವ ಅರ್ಜಿಯಲ್ಲಿ ಊರಿನ ಹಳೆಯ, ಹೊಸ ಹೆಸರು, ಬಡಾವಣೆ, ಹತ್ತಿರದ ಗುರುತು, ಪಿನ್‌ಕೋಡ್ ಇಷ್ಟನ್ನೂ ಬರೆಯುವುದು ಒಳಿತು. ನಾಸಿಕ್ ನಗರದ ಪಿನ್‌ಕೋಡ್ 422ರಿಂದ, ಸಂಭಾಜಿನಗರದ್ದು 431ರಿಂದ ಆರಂಭವಾಗುತ್ತದೆ. ಯಾವ ಸಿಡ್ಕೊ ಎಂಬ ಗೊಂದಲ ಅಲ್ಲಿಗೇ ಮುಗಿಯುತ್ತದೆ.