ಪೆನ್ನಿನ ಬೆನ್ನ ಮೇಲೊಂದು ಶಾಸನ

ಮಳೆಗಾಲದ ಸಂಜೆ ಮಾಗೋಡಿನಲ್ಲಿ ಕರೆಂಟು ಹೋಗುವುದು ಹೊಸತೇನಲ್ಲ. ಆ ಕತ್ತಲಲ್ಲೇ ದೊಡ್ಡಪ್ಪ ಅಜ್ಜನ ಕಾಲದ ಕಪ್ಪು ಇಂಕ್ ಪೆನ್ನೊಂದನ್ನು ಪೆಟ್ಟಿಗೆಯಿಂದ ತೆಗೆದು, ಟಾರ್ಚನ್ನು ಅದರ ಪಕ್ಕಕ್ಕೆ ಹೆಚ್ಚುಕಡಿಮೆ ತಾಗಿಸಿಯೇ ಹಿಡಿದರು. "ತಮಾ, ಇಲ್ಲಿ ನೋಡು, ಎಂತೋ ಬರದ್ದು!" ಹೌದು! ಹಗಲಲ್ಲಿ ನುಣ್ಣಗೆ, ಬೋಳಾಗಿ ಕಾಣುತ್ತಿದ್ದ ಬ್ಯಾರೆಲ್ ಮೇಲೆ ಓರೆ ಬೆಳಕು ಬಿದ್ದದ್ದೇ ತಡ, ಅಕ್ಷರಗಳು ಸಾಲಾಗಿ ಎದ್ದು ನಿಂತವು. ಅರ್ಧ ಸಾಲು ಚೂಪಾಗಿತ್ತು. ಉಳಿದರ್ಧ ಸವೆದು ಬರೀ ನೆರಳಾಗಿತ್ತು.

ಒಂದೇ ಪೆನ್ನು, ಒಂದೇ ಅಚ್ಚು, ಒಂದೇ ದಿನ ಬಿದ್ದ ಹೆಸರು. ಹಾಗಿದ್ದೂ ಅರ್ಧ ಉಳಿದು ಅರ್ಧ ಹೋದದ್ದೇಕೆ? ಅಂದಿನಿಂದ ಯಾರ ಜೇಬಿನಲ್ಲಿ ಇಂಕ್ ಪೆನ್ನು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ನಿಬ್ಬಿನ ಕಡೆಗಲ್ಲ, ಮೈಮೇಲಿನ ಹೆಸರಿನ ಕಡೆಗೆ. ಆ ಹೆಸರುಗಳ ಬೆನ್ನು ಹತ್ತಿ ಹೋದ ದಾರಿ ನನ್ನನ್ನು ಕೊನೆಗೆ ತಂದು ನಿಲ್ಲಿಸಿದ್ದು ಬನವಾಸಿಯ ಒಂದು ಕಲ್ಲಿನ ಮುಂದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಪೆನ್ನನ್ನು ಕೈಯಲ್ಲಿ ಹಿಡಿಯಿರಿ, ಬರೆಯುವ ಹಾಗೆಯೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ನಿಬ್ಬಿನ ಹಿಂದಿನ ಹಿಡಿಯಲ್ಲಿ ಕೂತವು. ಬ್ಯಾರೆಲ್ಲಿನ ನಡುಭಾಗ ಹೆಬ್ಬೆರಳು-ತೋರುಬೆರಳಿನ ನಡುವಿನ ಸಂದಿಗೆ ಒರಗಿತು. ಒಂದೊಂದು ಅಕ್ಷರಕ್ಕೂ ಆ ಚರ್ಮ ಅಲ್ಲಿ ಉಜ್ಜುತ್ತದೆ, ಬೆವರು ಸೇರುತ್ತದೆ. ಬರೆಯುವಾಗ ಕ್ಯಾಪನ್ನು ಹಿಂದಕ್ಕೆ ಸಿಕ್ಕಿಸುವ ಅಭ್ಯಾಸವಿದ್ದವರ ಪೆನ್ನಿನಲ್ಲಿ ಬ್ಯಾರೆಲ್ಲಿನ ಹಿಂತುದಿಯೂ ಸವೆಯುತ್ತದೆ. ಜೇಬಿಗೆ ಸಿಕ್ಕಿಸಿದರೆ ಕ್ಲಿಪ್ಪಿನ ಆಸುಪಾಸಿನಲ್ಲಿ ಬಟ್ಟೆ ತಿಕ್ಕುತ್ತದೆ. ಅಂದರೆ ಹೆಸರು ಕೆತ್ತಲು ಜಾಗ ಹುಡುಕುವವನು ಬರೆಯುವವನ ಕೈಯ ನಕ್ಷೆಯನ್ನೇ ಮೊದಲು ಓದಬೇಕು! ಅಜ್ಜನ ಪೆನ್ನಿನಲ್ಲಿ ಹೋದ ಅರ್ಧ ಅಜ್ಜನ ಕೈ ಒರಗುತ್ತಿದ್ದ ಅರ್ಧ. ವರ್ಷಗಟ್ಟಲೆ ಅಡಿಕೆ ಲೆಕ್ಕ ಬರೆದ ಕೈ, ತಯಾರಕನ ಹೆಸರನ್ನು ಅಳಿಸುತ್ತ ತನ್ನ ಗುರುತನ್ನು ಅಲ್ಲಿ ಬಿಟ್ಟುಹೋಗಿದೆ.

ಇನ್ನು ಆ ಹೆಸರು ಅಲ್ಲಿ ಬಿದ್ದ ಬಗೆ. ಹಳೆಯ ಕಪ್ಪು ಪೆನ್ನುಗಳ ಮೈ ಎಬೊನೈಟ್. ರಬ್ಬರಿಗೆ ಧಾರಾಳವಾಗಿ ಗಂಧಕ ಬೆರೆಸಿ ಗಂಟೆಗಟ್ಟಲೆ ಬೇಯಿಸಿದರೆ ಅದು ಮರದಷ್ಟು ಗಟ್ಟಿಯಾಗುತ್ತದೆ, ಲೇತಿಗೆ ಕೊಟ್ಟರೆ ಸುರುಳಿ ಸುರುಳಿಯಾಗಿ ಹೆರೆಯಲು ಬರುತ್ತದೆ. ಉಕ್ಕಿನ ಅಚ್ಚನ್ನು ಬಿಸಿ ಮಾಡಿ ಅದರ ಮೇಲೆ ಬ್ಯಾರೆಲ್ಲನ್ನು ಒತ್ತಿ ಒಂದು ಸಲ ಉರುಳಿಸಿದರೆ ಆಯಿತು, ಹೆಸರು ಬಿತ್ತು. ಕ್ಷಣದ ಕೆಲಸ. ಆದರೆ ಎಬೊನೈಟಿಗೆ ನೆನಪಿನ ಶಕ್ತಿಯಿದೆ! ಪೆನ್ನು ಕಚ್ಚುವ ಅಭ್ಯಾಸದವರ ಹಲ್ಲಿನ ಗುರುತನ್ನು ರಿಪೇರಿಯವರು ಹದವಾಗಿ ಬಿಸಿ ತಾಗಿಸಿಯೇ ಮೇಲಕ್ಕೆಬ್ಬಿಸುತ್ತಾರೆ, ಒತ್ತಿಸಿಕೊಂಡ ಮೈ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ಒತ್ತಿ ಮೂಡಿಸಿದ ಹೆಸರೂ ಅಂಥದೇ ಗುರುತಲ್ಲವೇ? ಬಿಸಿ ಹೆಚ್ಚಾದರೆ ಅದೂ ಮೇಲೆದ್ದು ಮಾಸಬಹುದು. ಒತ್ತಿದ್ದು ಹಿಂದಿರುಗುತ್ತದೆ, ಕೊರೆದು ತೆಗೆದದ್ದು ಹಿಂದಿರುಗುವುದಿಲ್ಲ. ಪೆನ್ನಿಗೆ ಹೆಸರು ಹಾಕುವ ವಿದ್ಯೆಯೆಲ್ಲ ಈ ಒಂದು ಭೇದದ ಮೇಲೆ ನಿಂತಿದೆ ಎಂದು ನನಗೆ ಹೊಳೆದ ಕ್ಷಣ ಮೈ ಜುಮ್ಮೆಂದಿತು.

ಏಕೆಂದರೆ ಕೊರೆದು ಬರೆಯುವುದು ನಮ್ಮದೇ ವಿದ್ಯೆ. ತಾಳೆಯೋಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀರುತ್ತಿದ್ದರು. ಗೀರಿದ್ದು ಹಾಗೇ ಕಾಣದು. ಮೇಲೆ ಮಸಿ ಸವರಿ ಒರೆಸಿದಾಗ ಗೆರೆಯೊಳಗಿನ ಮಸಿ ಉಳಿದು ಅಕ್ಷರ ಕಪ್ಪಾಗಿ ಹೊಳೆಯುತ್ತದೆ. ಇಂದು ಪೆನ್ನು ತಯಾರಕ ಮಾಡುವುದೂ ಅದನ್ನೇ: ಕೊರೆದ ಹೆಸರಿನ ಮೇಲೆ ಬಿಳಿಯ ಅಥವಾ ಚಿನ್ನದ ಬಣ್ಣ ತಿಕ್ಕಿ ಮೇಲ್ಮೈ ಒರೆಸಿಬಿಡುತ್ತಾನೆ, ಬಣ್ಣ ಹಳ್ಳದಲ್ಲಿ ಉಳಿಯುತ್ತದೆ. ಕಪ್ಪು ಎಬೊನೈಟಿನ ಮೇಲೆ ಬಿಳಿ ಅಕ್ಷರ ನೋಡಿದಾಗಲೆಲ್ಲ ನನಗೆ ಕಡತ ಕಣ್ಣಮುಂದೆ ಬರುತ್ತದೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬೆಳ್ಳಗೆ ಲೆಕ್ಕ ಬರೆಯುತ್ತಿದ್ದ ಆ ಪುಸ್ತಕ!

ಈಗ ಬನವಾಸಿ. ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಐದು ಹೆಡೆಯ ನಾಗರಕಲ್ಲೊಂದಿದೆ. ಕದಂಬರಿಗೂ ಹಿಂದಿನದು, ಚುಟು ಮನೆತನದ ಸಾತಕರ್ಣಿಯ ಕಾಲದ್ದು. ಅಂದರೆ ಸುಮಾರು 1,700 ವರ್ಷ. ಹಾವಿನ ಪಕ್ಕದಲ್ಲಿ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ರಾಜನ ಆಳ್ವಿಕೆಯ ಹನ್ನೆರಡನೆಯ ವರ್ಷ ರಾಜಕುಮಾರಿ ಶಿವಸ್ಕಂದನಾಗಶ್ರೀ ಈ ನಾಗವನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನ ಮಾಡಿದಳು ಎನ್ನುತ್ತದೆ ಬರಹ. ಕೆಲಸದ ಉಸ್ತುವಾರಿ ನೋಡಿಕೊಂಡ ಅಮಾತ್ಯನ ಹೆಸರಿದೆ. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಇಲ್ಲ! ಕೊನೆಯಲ್ಲಿ ಇನ್ನೊಂದು ಮಾತಿದೆ: ಜಯಂತಕ ನಗರದ ಆಚಾರ್ಯ ದಾಮೋರಕನ ಶಿಷ್ಯ ನಟಕ ಈ ನಾಗವನ್ನು ಮಾಡಿದ.

ನಟಕ! ಊರು, ಗುರು, ತನ್ನ ಹೆಸರು. ಇದಕ್ಕಿಂತ ಪೂರ್ತಿಯಾದ ತಯಾರಕನ ಮುದ್ರೆ ಯಾವ ಪೆನ್ನಿನ ಮೇಲಿದೆ ಹೇಳಿ! ಅಮೆರಿಕದ ಪಾರ್ಕರ್ ಕಂಪನಿ ತನ್ನ ಹಳೆಯ ಡ್ಯುಓಫೋಲ್ಡ್ ಪೆನ್ನಿನ ಬ್ಯಾರೆಲ್ ಮೇಲೆ ಜಾರ್ಜ್ ಪಾರ್ಕರನ ಹೆಸರನ್ನೂ ಜೇನ್ಸ್‌ವಿಲ್ ಎಂಬ ಊರನ್ನೂ ಹಾಕಿತು. ನಮ್ಮ ಶಿರಸಿ ತಾಲ್ಲೂಕಿನ ಕಲ್ಲುಕುಟಿಗ ಅದಕ್ಕೂ ಹದಿನಾರು ಶತಮಾನ ಮೊದಲೇ ಊರಿನ ಜೊತೆ ತನ್ನ ಗುರುವನ್ನೂ ಸೇರಿಸಿದ್ದ. ಹೆಸರು ಬಿದ್ದ ಜಾಗವನ್ನೂ ಗಮನಿಸಿ. ಹಾಲೆರೆಯುವುದು, ಅರಿಸಿನ ಕುಂಕುಮ ಹಚ್ಚುವುದು, ಕೈಮುಟ್ಟಿ ನಮಸ್ಕರಿಸುವುದು ಎಲ್ಲ ಹೆಡೆಗೆ. ಹೆಸರು ಪಕ್ಕದ ಬರಹದಲ್ಲಿದೆ, ಅದರಲ್ಲೂ ಕೊನೆಗೆ. ಕೈ ಹೆಚ್ಚು ಮುಟ್ಟದ ಕಡೆ ಹೆಸರು ಉಳಿಯುತ್ತದೆ ಎಂಬ, ಪೆನ್ನಿನಿಂದ ಕಲಿತ ಲೆಕ್ಕ ಕಲ್ಲಿಗೂ ಹೊಂದಿತು!

ಬನವಾಸಿಯಿಂದ ಬಳ್ಳಿಗಾವಿ ದೂರವಲ್ಲ. ಆ ಬಳ್ಳಿಗಾವಿಯ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರು ಬಿಟ್ಟರು. ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ಬರೀ ‘ಮ’. ಜಾಗ ಕಿರಿದಾದರೆ ಹೆಸರನ್ನು ಒಂದಕ್ಷರಕ್ಕೆ ಇಳಿಸುವ ಉಪಾಯ ಹೊಯ್ಸಳರ ಕಾಲಕ್ಕೇ ಬಂದಿತ್ತು!

ಪೆನ್ನಿನ ಲೋಕದಲ್ಲಿ ಈ ಉಪಾಯ ಎಲ್ಲಿಗೆ ಮುಟ್ಟಿತು ನೋಡಿ. ಶೇಫರ್ ಕಂಪನಿ 1924ರಲ್ಲಿ ತನ್ನ ಬಾಳಿಕೆಯ ಪೆನ್ನಿಗೆ ಒಂದು ಬಿಳಿ ಚುಕ್ಕಿಯನ್ನು ಗುರುತಾಗಿ ಇಟ್ಟಿತು. ಮೊಂಬ್ಲಾಂಕ್ ಕ್ಯಾಪಿನ ನೆತ್ತಿಗೆ ಬಿಳಿ ನಕ್ಷತ್ರ ಕೂರಿಸಿ, ನಿಬ್ಬಿನ ಮೇಲೆ 4810 ಎಂದು ಕೊರೆಯಿತು. ಅದು ಕಂಪನಿಗೆ ಹೆಸರು ಕೊಟ್ಟ ಬೆಟ್ಟದ ಎತ್ತರ, ಆಗಿನ ಅಳತೆಯಂತೆ ಮೀಟರಿನಲ್ಲಿ! ಪಾರ್ಕರಿನವರು ಇನ್ನೂ ಸೂಕ್ಷ್ಮ. 1930ರ ದಶಕದ ಕೊನೆಗೆ ಅವರ ಅಚ್ಚಿನಲ್ಲಿ ವರ್ಷದ ಕೊನೆಯ ಅಂಕಿಯೂ ಅದರ ಪಕ್ಕ ಚುಕ್ಕಿಗಳೂ ಇರುತ್ತಿದ್ದವು. ಮೂರು ತಿಂಗಳಿಗೊಮ್ಮೆ ಅಚ್ಚಿನಿಂದ ಒಂದು ಚುಕ್ಕಿಯನ್ನು ಉಜ್ಜಿ ತೆಗೆದುಬಿಡುತ್ತಿದ್ದರು. ಚುಕ್ಕಿ ಎಣಿಸಿದರೆ ಪೆನ್ನು ಹುಟ್ಟಿದ ಕಾಲ ಸಿಗುತ್ತದೆ!

ನಮ್ಮ ದೇಶದ ಪೆನ್ನುಗಳಲ್ಲಿ ದೊಡ್ಡ ಹೆಸರು ರಾಜಮಂಡ್ರಿಯ ರತ್ನಂ. ಗಾಂಧೀಜಿಯ ಸ್ವದೇಶಿ ಮಾತಿಗೆ ಓಗೊಟ್ಟು ಕೆ.ವಿ. ರತ್ನಂ 1932ರಲ್ಲಿ ಶುರುಮಾಡಿದ ಕೆಲಸ ಅದು. ಜೆ.ಸಿ. ಕುಮಾರಪ್ಪನವರ ಮೂಲಕ ಪೆನ್ನು ಗಾಂಧೀಜಿಯ ಕೈ ಸೇರಿತು, ಅವರು 1935ರಲ್ಲಿ ಮೆಚ್ಚಿ ಪತ್ರ ಬರೆದರು. ಪೆನ್ನಿನ ಮೇಲೆ ಒಂದು ಭಾರತೀಯ ಹೆಸರು ಇದ್ದದ್ದೇ ಆ ಕಾಲಕ್ಕೆ ಒಂದು ಚಳವಳಿ.

ಹಾಗಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಯಾರಾದರೂ ಮನೆಯಲ್ಲಿ ಲೇತು ಇಟ್ಟು ಪೆನ್ನು ಮಾಡಿದರೆ ಹೆಸರು ಹಾಕಿಸುವುದೆಲ್ಲಿ? ಪೇಟೆಯ ಪಾತ್ರೆ ಅಂಗಡಿಯಲ್ಲಿ! ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ಪಾತ್ರೆಗೆ ‘ಗುರುರ್’ ಎನ್ನುವ ಮುಳ್ಳಿನ ಮೆಶಿನ್ನಿನಲ್ಲಿ ಹೆಸರು ಹಾಕಿಕೊಡುವವರ ಕೈಯನ್ನು ಹತ್ತಿರ ನಿಂತು ನೋಡಿ. ಗೆರೆ ಹಾಕಿಕೊಂಡಿಲ್ಲ, ಅಳತೆ ಇಲ್ಲ. ಮುಳ್ಳು ಅದುರುತ್ತದೆ, ಕೈ ಅದುರುವುದಿಲ್ಲ. ಉರುಟು ಪಾತ್ರೆಯ ಅಂಚಿನಲ್ಲಿ ಅಕ್ಷರಗಳು ಚುಕ್ಕಿ ಚುಕ್ಕಿಯಾಗಿ ಸಾಲು ಹಿಡಿಯುತ್ತವೆ. ಪೆನ್ನಿನ ಹಿತ್ತಾಳೆ ಪಟ್ಟಿಗೆ, ಕ್ಲಿಪ್ಪಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಎಬೊನೈಟಿಗೆ ಮುಳ್ಳು ಹಗುರಾಗಿರಬೇಕು, ಇಲ್ಲದಿದ್ದರೆ ಅಂಚು ಚಕ್ಕೆ ಏಳುತ್ತದೆ. ಮೊದಲು ತುಂಡಿನ ಮೇಲೆ ಕೈ ಕುದುರಿಸಿಕೊಳ್ಳುವುದು ಒಳ್ಳೆಯದು.

ಲೇಸರಿನ ದಾರಿ ಬೇರೆ. ಬೆಳಕು ಎಬೊನೈಟನ್ನು ಸುಡುವಾಗ ಗಂಧಕದ ವಾಸನೆ ಗಾಢವಾಗಿ ಏಳುತ್ತದೆ, ಗಾಳಿ ಆಡುವ ಜಾಗ ಬೇಕು. ಅಕ್ರಿಲಿಕ್ಕಿನ ಮೇಲೆ ಅಕ್ಷರ ಮಂಜಿನ ಹಾಗೆ ಬೆಳ್ಳಗೆ ಮೂಡುತ್ತದೆ. ಹಳೆಯ ಸೆಲ್ಯುಲಾಯ್ಡ್ ಪೆನ್ನನ್ನು ಮಾತ್ರ ಲೇಸರಿನ ಹತ್ತಿರ ತರಲೇಬಾರದು, ಭಗ್ಗೆಂದು ಹತ್ತಿಕೊಳ್ಳುವ ವಸ್ತು ಅದು. ಪಿವಿಸಿ ಕೂಡ ಬೇಡ, ಕ್ಲೋರಿನ್ನಿನ ವಿಷದ ಹೊಗೆ ಬರುತ್ತದೆ. ಯಾವ ದಾರಿಯಾದರೂ ಸರಿ, ಪಾಲಿಶ್ ಬಹುಪಾಲು ಮುಗಿದ ಮೇಲೆ ಕೊರೆಸಿ, ಆಮೇಲೆ ಕೈಯಲ್ಲಿ ಹಗುರಾಗಿ ಉಜ್ಜಬೇಕು. ಕೊರೆದ ಮೇಲೆ ಚಕ್ರಕ್ಕೆ ಕೊಟ್ಟು ಮನಸಾರೆ ಉಜ್ಜಿದರೆ ಅಕ್ಷರದ ಅಂಚೆಲ್ಲ ಉರುಟಾಗಿ ಹೊಸ ಪೆನ್ನೇ ಹಳತರಂತೆ ಕಾಣುತ್ತದೆ.

ಇನ್ನೊಂದು ಸಂಗತಿ, ನನ್ನನ್ನು ಕುಣಿಸಿದ್ದು. ಬ್ಯಾರೆಲ್ಲಿನ ಅಡ್ಡಳತೆ ಸಾಮಾನ್ಯವಾಗಿ ಹದಿಮೂರು, ಹದಿನಾಲ್ಕು ಮಿಲಿಮೀಟರ್. ಉದ್ದಕ್ಕೆ ಬರೆದ ಸಾಲು ಎತ್ತರವಾದಷ್ಟೂ ಅದರ ಮೇಲಂಚು, ಕೆಳಂಚು ಉರುಟಿನಾಚೆ ಜಾರಿಹೋಗುತ್ತವೆ. ಕನ್ನಡಕ್ಕೆ ಒತ್ತಕ್ಷರ ಉಂಟಲ್ಲ, ಅದು ಸಾಲಿನ ಕೆಳಗೆ ಇನ್ನೊಂದು ಸಾಲಿನಷ್ಟು ಜಾಗ ಕೇಳುತ್ತದೆ. ಯಲ್ಲಾಪುರ ಎಂದು ಕೊರೆಯಬೇಕಾದರೆ ಲಾವತ್ತಿಗಾಗಿ ಅಕ್ಷರವನ್ನೇ ಚಿಕ್ಕದು ಮಾಡಬೇಕು. ಸಿದ್ದಾಪುರಕ್ಕೂ ಅದೇ ಪಾಡು. ಮಾಗೋಡು? ಮಾ, ಗೋ, ಡು. ಒಂದೂ ಒತ್ತಿಲ್ಲ! ಶಿರಸಿಗೂ ಇಲ್ಲ, ಬನವಾಸಿಗೂ ಇಲ್ಲ. ಉರುಟು ಪೆನ್ನಿಗೆ ಹೇಳಿ ಮಾಡಿಸಿದ ಊರುಗಳು!

ಹೆಸರಿನ ಜೊತೆ ಒಂದು ಚಿತ್ರದ ಗುರುತೂ ಬೇಕೇ? ಬೇಡ್ತಿ ಹೊಳೆ ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಧುಮುಕುತ್ತದೆ. ಮಧ್ಯೆ ಮುರಿದ ಒಂದೇ ಗೆರೆ ಸಾಕು, ಜಲಪಾತ ಆಯಿತು. ಕ್ಲಿಪ್ಪಿನ ಮೇಲೆ ಆ ಗೆರೆ, ಬ್ಯಾರೆಲ್ಲಿನ ಮೇಲೆ ಊರು, ಗುರು, ಹೆಸರು ಈ ಕ್ರಮದಲ್ಲಿ ನಟಕನ ಪಾಠದಂತೆ ಮೂರು ಮಾತು. ಜಾಗ? ಕ್ಯಾಪಿನ ತಿರುಪು ಮುಗಿದಲ್ಲಿಂದ ಸ್ವಲ್ಪವೇ ಹಿಂದೆ, ಬೆರಳಿನ ಹಿಡಿಗೂ ಅಂಗೈ ಸಂದಿಗೂ ನಡುವೆ ಉಳಿಯುವ ಪುಟ್ಟ ಪಟ್ಟಿ. ಲೇತಿಗೆ ಏರಿಸುವ ಮೊದಲು ನೀವು ಬರೆಯುವ ಪೆನ್ನಿಗೆ ಸೀಮೆಸುಣ್ಣ ಬಳಿದು ಒಂದು ಪುಟ ಬರೆದು ನೋಡಿ. ಸುಣ್ಣ ಅಳಿಯದೆ ಉಳಿದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಮುಳ್ಳಿನ ಮೆಶಿನ್ನಿನವರಿಗೆ ಅದನ್ನೇ ತೋರಿಸಿ.