ಬೇಗಂಪೇಟೆಯ ಪಲ್ಟನ್ ದವಾಖಾನೆ

ಬೆಂಗಳೂರಿನ ಹೆದ್ದಾರಿ ಹೈದರಾಬಾದನ್ನು ಮುಟ್ಟುವ ಮುನ್ನ ಶಂಶಾಬಾದನ್ನು ಹಾದುಹೋಗುತ್ತದೆ. 2008ರ ಮಾರ್ಚಿನಲ್ಲಿ ಅಲ್ಲಿ ಹೊಸ ವಿಮಾನ ನಿಲ್ದಾಣ ಆರಂಭವಾದಾಗ, ಬೇಗಂಪೇಟೆಯ ಹಳೆಯ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿತು. ಈ ಬದಲಾವಣೆಯಿಂದ ನಗರದ ಭೂಪಟದಲ್ಲಿ ಇನ್ನಷ್ಟು ಅಂಚಿಗೆ ಸರಿದುದು, ಹಳೆಯ ನಿಲ್ದಾಣದ ಸಮೀಪದಲ್ಲಿರುವ ಒಂದು ಸಣ್ಣ ಕಟ್ಟಡ. 1897ರಲ್ಲಿ ಅದು ಸೈನ್ಯದ ಆಸ್ಪತ್ರೆಯಾಗಿತ್ತು. ಮಲೇರಿಯಾ ರೋಗಕ್ಕೂ ಸೊಳ್ಳೆಗೂ ಇರುವ ಸಂಬಂಧಕ್ಕೆ ಮೊದಲ ಪ್ರತ್ಯಕ್ಷ ಪುರಾವೆ ದೊರೆತುದು ಅಲ್ಲಿ. ಇಷ್ಟು ಪ್ರಸಿದ್ಧವಾದ ಕಟ್ಟಡ ಮತ್ತೆ ಮತ್ತೆ ಪಾಳುಬೀಳುವುದೇಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ‘ಅಲಕ್ಷ್ಯ’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಆ ಕಟ್ಟಡ ಯಾವ ಬಗೆಯ ಸಂಸ್ಥೆಗೆ ಸೇರಿತ್ತು ಎಂಬುದನ್ನು ತಿಳಿಯದೆ ಅದರ ಅವನತಿಯನ್ನು ವಿವರಿಸಲಾಗದು.

1798ರ ಒಪ್ಪಂದದ ಮೇರೆಗೆ ನಿಜಾಮರ ರಾಜ್ಯದಲ್ಲಿ ಕಂಪನಿಯ ಸೈನ್ಯ ಕಾಯಂ ಆಗಿ ಬೀಡುಬಿಟ್ಟಿತು. 1806ರಲ್ಲಿ ಆ ಬೀಡಿಗೆ ಸಿಕಂದರ್ ಜಾಹನ ಹೆಸರಿನಿಂದ ಸಿಕಂದರಾಬಾದ್ ಎಂಬ ಹೆಸರಾಯಿತು. ಜನ ಮಾತ್ರ ಅದನ್ನು ‘ಲಷ್ಕರ್’ ಎಂದೇ ಕರೆದರು. ಬೋನಾಲು ಹಬ್ಬದ ಹೆಸರಿನಲ್ಲಿ ಆ ಪದ ಇಂದಿಗೂ ಉಳಿದಿದೆ. ಬೆಂಗಳೂರಿನಲ್ಲಿ ಇಂಥದೇ ನೆಲೆ ‘ದಂಡು’ ಎನಿಸಿತು. ನಿಜಾಮರ ಖರ್ಚಿನ ಮತ್ತೊಂದು ಪಡೆಯಾದ ಹೈದರಾಬಾದ್ ಕಂಟಿಂಜೆಂಟಿನ ಠಾಣ್ಯವಿದ್ದ ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿ ‘ಛಾವಣಿ’ ಒಂದು ಕಡೆ, ‘ಕಸಬಾ’ ಒಂದು ಕಡೆ ಬೆಳೆದವು. ‘ಪಟಾಲಂ’ ಎಂಬ ನಮ್ಮ ಪದವೂ ಈ ವರ್ಗದ್ದೇ. ಯುರೋಪಿನ ಸೈನಿಕ ಪರಿಭಾಷೆಯಿಂದ ಬಂದ ಅದು ಇಂದಿನ ಕನ್ನಡದಲ್ಲಿ ಪುಂಡರ ಗುಂಪಿಗೆ ಸಲ್ಲುತ್ತಿದೆ. ಸೈನ್ಯ ಹೋದ ಮೇಲೆ ಊರಲ್ಲಿ ಉಳಿಯುವುದು ಬಹುಮಟ್ಟಿಗೆ ಇಂಥ ಪದಗಳೇ.

ಭಾರತೀಯ ಸಿಪಾಯಿಗಳ ವೈದ್ಯವ್ಯವಸ್ಥೆ ಆಗ ಊರಿಗೆ ಸೇರಿದುದಾಗಿರಲಿಲ್ಲ, ಪಲ್ಟನ್ನಿಗೆ ಸೇರಿದುದಾಗಿತ್ತು. ಪ್ರತಿಯೊಂದು ಪಲ್ಟನ್ನಿಗೂ ತನ್ನದೇ ಸಣ್ಣ ದವಾಖಾನೆ, ಅದಕ್ಕೊಬ್ಬ ವೈದ್ಯಾಧಿಕಾರಿ, ಅವನ ಕೈಕೆಳಗೆ ಒಂದಿಬ್ಬರು ಸಹಾಯಕರು. ತರಬೇತಾದ ದಾದಿಯರಿರಲಿಲ್ಲ. ರೋಗಿ ತನ್ನ ಹಾಸಿಗೆ ಹೊದಿಕೆಯನ್ನು ತಾನೇ ತರಬೇಕು. ಊಟದ ಖರ್ಚು ಅವನ ಸಂಬಳದ್ದೇ. ಉಪಚಾರಕ್ಕೆ ಜೊತೆಗಾರ ಸಿಪಾಯಿಗಳೇ ಗತಿ. ಪಲ್ಟನ್ನಿಗೆ ಬೇರೆ ಊರಿಗೆ ವರ್ಗವಾದರೆ ಸಿಬ್ಬಂದಿ ಅದರೊಡನೆ ಹೋಗುತ್ತಿತ್ತು, ಗೋಡೆಗಳು ಮಾತ್ರ ಮುಂದಿನ ಪಲ್ಟನ್ನಿಗೆ ಕಾಯುತ್ತಿದ್ದವು. ಮೊದಲನೆಯ ಮಹಾಯುದ್ಧದಲ್ಲಿ, ಅದರಲ್ಲಿಯೂ ಮೆಸೊಪೊಟೇಮಿಯದಲ್ಲಿ, ಗಾಯಾಳುಗಳು ಪಟ್ಟ ಪಾಡು ಬಯಲಾದ ಮೇಲೆ 1918ರಲ್ಲಿ ಈ ಪದ್ಧತಿಗೆ ಬದಲಾಗಿ ಇಡೀ ಠಾಣ್ಯಕ್ಕೆ ಒಂದೇ ದೊಡ್ಡ ಆಸ್ಪತ್ರೆ ಎಂಬ ಏರ್ಪಾಡು ಬಂತು. ಒಂದೊಂದು ಪಲ್ಟನ್ನಿಗೆ ಒಂದೊಂದು ದವಾಖಾನೆ ಎಂಬ ಕಲ್ಪನೆಯೇ ಅಲ್ಲಿಗೆ ಮುಗಿಯಿತು. ಬೇಗಂಪೇಟೆಯ ಕಟ್ಟಡ ಪಾಳುಬೀಳಲು ತೊಡಗಿದ್ದು ಗೋಡೆ ಬಿರುಕುಬಿಟ್ಟ ದಿನದಿಂದಲ್ಲ, ಅದಕ್ಕೆ ಕೆಲಸವಿಲ್ಲದಂತಾದ ದಿನದಿಂದ ಎಂಬುದು ನನ್ನ ಅಭಿಪ್ರಾಯ.

ಅಲ್ಮೋರದಲ್ಲಿ 1857ರಲ್ಲಿ ಜನಿಸಿದ ರೊನಾಲ್ಡ್ ರಾಸ್ 1895ರಲ್ಲಿ 19ನೆಯ ಮದರಾಸು ಪದಾತಿದಳದ ವೈದ್ಯರಾಗಿ ಇಲ್ಲಿಗೆ ಬಂದರು. ಸೊಳ್ಳೆಯ ವಿಚಾರ ಅವರ ತಲೆಯನ್ನು ಹೊಕ್ಕದ್ದು ಅದಕ್ಕೂ ಮುಂಚೆ, ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ದಂಡಿನಲ್ಲಿದ್ದಾಗ ತಮ್ಮ ಬಂಗಲೆಯ ಒಂದು ಕೋಣೆಯಲ್ಲಿ ಮಾತ್ರ ಸೊಳ್ಳೆ ಹೆಚ್ಚಾಗಿರುವುದನ್ನು ಗಮನಿಸಿ ಹುಡುಕಿದಾಗ, ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಗಳು ಕಂಡವು. ಪೀಪಾಯಿಯನ್ನು ಮಗುಚಿದೊಡನೆ ಕಾಟ ತಗ್ಗಿತು. ಉಳಿದ ಕಡೆಯೂ ನಿಂತ ನೀರನ್ನು ಚೆಲ್ಲಿಸೋಣವೆಂದು ಅವರು ಮಾಡಿದ ಸೂಚನೆಗೆ, ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಬಾರದೆಂಬ ಉತ್ತರ ಮೇಲಧಿಕಾರಿಯಿಂದ ಬಂತಂತೆ. 1895ರ ಸೆಪ್ಟೆಂಬರಿನಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕಾಗಿ ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಿದ್ದರಿಂದ ಬೇಗಂಪೇಟೆಯ ಸಂಶೋಧನೆ ನಡುವಿನಲ್ಲೇ ನಿಂತಿತು. 1897ರಲ್ಲಿ ಊಟಿಯ ಕೆಳಗಿನ ಸೀಗೂರು ಘಾಟಿಯಲ್ಲಿ ಸ್ವತಃ ಮಲೇರಿಯಾ ಹಿಡಿಸಿಕೊಂಡು, ಗುಣವಾದ ಮೇಲೆ ಸಿಕಂದರಾಬಾದಿಗೆ ಮರಳಿದರು.

ಆ ಬೇಸಿಗೆಯ ಚಿತ್ರವನ್ನು ರಾಸ್ ತಮ್ಮ ಆತ್ಮಚರಿತ್ರೆಯಲ್ಲಿ ವಿವರವಾಗಿ ಕೊಟ್ಟಿದ್ದಾರೆ. ಕೆಲಸಕ್ಕೆ ದೊರೆತದ್ದು ಆಸ್ಪತ್ರೆಯ ಕತ್ತಲೆ ತುಂಬಿದ ಸಣ್ಣ ಕಚೇರಿ ಕೋಣೆ. ಜಗಲಿಯ ಸೂರಿನ ಅಡಿಯಿಂದ ತೂರಿ ಬರುವಷ್ಟೇ ಬೆಳಕು. ಪಂಖಾ ಎಳೆಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಸೆಕೆಯಲ್ಲೇ ಕೂರಬೇಕು. ಹಣೆಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆಂದು ಹೆದರಿ ರೋಗಿಗಳು ಹತ್ತಿರ ಸುಳಿಯುತ್ತಿರಲಿಲ್ಲ. ಹುಸೇನ್ ಖಾನ್ ಎಂಬ ಜ್ವರಪೀಡಿತರು ಸೊಳ್ಳೆ ಪರದೆಯೊಳಗೆ ಮಲಗಿ ಕಚ್ಚಿಸಿಕೊಳ್ಳಲು ಒಪ್ಪಿದರು. ಒಂದು ಸೊಳ್ಳೆಗೆ ಒಂದು ಆಣೆಯಂತೆ ಅವರಿಗೆ ಹಣ ಸಂದಿತು. ಅದಾದ ನಾಲ್ಕನೆಯ ದಿನ, ಆಗಸ್ಟ್ 20ರಂದು, ಚುಕ್ಕೆ ರೆಕ್ಕೆಯ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಕಪ್ಪು ವರ್ಣಕಣಗಳನ್ನು ಹೊತ್ತ ದುಂಡನೆಯ ಕೋಶಗಳು ಕಂಡವು; ಮರುದಿನ ಸೀಳಿದ ಇನ್ನೊಂದು ಸೊಳ್ಳೆಯಲ್ಲಿ ಅವು ಇನ್ನಷ್ಟು ಬೆಳೆದಿದ್ದವು. ಬೆಳೆಯುತ್ತಿವೆ ಎಂದಮೇಲೆ ಅವು ಸೊಳ್ಳೆಯ ಅಂಗವಲ್ಲ, ಪರೋಪಜೀವಿಗಳು ಎಂಬುದು ಸ್ಪಷ್ಟವಾಯಿತು. ಇವೇ ಅನಾಫಿಲಿಸ್ ಕುಲದ ಸೊಳ್ಳೆಗಳೆಂದು ಆಮೇಲೆ ತಿಳಿದುಬಂತು. ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ವರದಿಯನ್ನು ಪ್ರಕಟಿಸಿತು. ಅಷ್ಟರಲ್ಲಿ ಸರ್ಕಾರ ರಾಸ್‌ರನ್ನು ರಜಪುತಾನದ ಖೇರ್ವಾಡಕ್ಕೆ ವರ್ಗ ಮಾಡಿಯಾಗಿತ್ತು. ಉಳಿದ ಅರ್ಧ ಕಥೆ, ಎಂದರೆ ರೋಗ ಸೊಳ್ಳೆಯ ಲಾಲಾಗ್ರಂಥಿಯಿಂದ ಹರಡುವ ಬಗೆ, 1898ರಲ್ಲಿ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾದ ಮೂಲಕ ಬಿಡಿಸಲ್ಪಟ್ಟಿತು. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಪಲ್ಟನ್ನಿನ ಗತಿ ಏನಾಯಿತು? 1903ರ ಪುನರ್ವಿಂಗಡಣೆಯಲ್ಲಿ 19ನೆಯ ದಳ ‘79ನೆಯ ಕರ್ನಾಟಿಕ್ ಇನ್‌ಫೆಂಟ್ರಿ’ ಎನಿಸಿತು. ಈ ‘ಕರ್ನಾಟಿಕ್’ ನಮ್ಮದಲ್ಲ. ವಿಜಯನಗರದ ಆಳ್ವಿಕೆಯೊಡನೆ ಪೂರ್ವ ಕರಾವಳಿಗೆ ಇಳಿದು, ಆರ್ಕಾಟಿನ ನವಾಬರ ಸೀಮೆಗೆ ಅಂಟಿಕೊಂಡು, ಇಂಗ್ಲಿಷರ ಬಾಯಲ್ಲಿ ಅಲ್ಲೇ ಉಳಿದುಬಿಟ್ಟ ಹೆಸರು ಅದು. ಯುದ್ಧಾನಂತರದ ಮಿತವ್ಯಯದಲ್ಲಿ, 1920ರ ದಶಕ ಮುಗಿಯುವುದರೊಳಗೆ, ಆ ದಳವೂ ವಿಸರ್ಜಿತವಾಯಿತು. ಹೀಗೆ ಒಡೆಯನೂ ಇಲ್ಲ, ಉದ್ಯೋಗವೂ ಇಲ್ಲ ಎಂಬ ಸ್ಥಿತಿ ಕಟ್ಟಡಕ್ಕೆ ಒದಗಿತು. 1930ರ ದಶಕದಲ್ಲಿ ಬೇಗಂಪೇಟೆಯ ಬಯಲು ವಿಮಾನ ಇಳಿಯುವ ತಾಣವಾಯಿತು.

ಆ ಕಾಲದ ಸುಣ್ಣದ ಗಾರೆಯ ಕಟ್ಟಡಗಳಿಗೆ ಮಳೆಗಿಂತ ನಿರ್ಜನತೆಯೇ ದೊಡ್ಡ ಶತ್ರು. ಜನ ವಾಸವಾಗಿದ್ದರೆ ಮಳೆಗಾಲಕ್ಕೆ ಮುನ್ನ ಸೂರು ನೋಡಿಕೊಳ್ಳುತ್ತಾರೆ, ಗೋಡೆಯಲ್ಲಿ ಮೊಳೆತ ಅರಳಿಯ ಸಸಿಯನ್ನು ಕೀಳುತ್ತಾರೆ, ಗೆದ್ದಲಿನ ಹುತ್ತವನ್ನು ಕೆರೆದು ಹಾಕುತ್ತಾರೆ. ಬೀಗ ಬಿದ್ದ ಮನೆಯಲ್ಲಿ ಸಸಿಯ ಬೇರು ಗಾರೆಯನ್ನು ಸೀಳುತ್ತದೆ, ಆ ಸೀಳಿಗೆ ನೀರು ಇಳಿಯುತ್ತದೆ.

ಸಿಪಾಯಿಗಳ ಪಲ್ಟನ್ ದವಾಖಾನೆಗಳು ಅಳಿದ ಅದೇ 1918ರಲ್ಲಿ ಜನ್ಮತಾಳಿದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಮುಂದೆ ಈ ಕಟ್ಟಡದ ಹೊಣೆ ಬಂದು, ಸರ್ ರೊನಾಲ್ಡ್ ರಾಸ್ ಹೆಸರಿನ ಪರೋಪಜೀವಿ ಸಂಶೋಧನ ಸಂಸ್ಥೆ ಅಲ್ಲಿ ರೂಪುಗೊಂಡಿತು. 1997ರ ಶತಮಾನೋತ್ಸವದ ಸಂದರ್ಭದಲ್ಲಿ ಕಟ್ಟಡದ ಜೀರ್ಣೋದ್ಧಾರವಾಯಿತು, ಹೊರದೇಶಗಳ ವಿಜ್ಞಾನಿಗಳು ಬಂದುಹೋದರು. ಅದರ ಮುಂದಿನ ವರ್ಷಗಳಲ್ಲಿ ಪುನಃ ಶಿಥಿಲತೆಯ ಸುದ್ದಿಗಳು ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಆಗಸ್ಟ್ 20 ವಿಶ್ವ ಸೊಳ್ಳೆ ದಿನವಾದ್ದರಿಂದ ವರ್ಷಕ್ಕೊಮ್ಮೆ ಹೂಮಾಲೆ ತಪ್ಪುವುದಿಲ್ಲ. ಅದು ರಾಸ್‌ಗೆ ಸಲ್ಲುವ ಮಾಲೆ. ಹಾಸಿಗೆ ಸುತ್ತಿಕೊಂಡು ಬಂದು ಅಲ್ಲಿ ಮಲಗಿ, ಗುಣವಾಗಿಯೋ ಆಗದೆಯೋ ಹೋದ ಸಿಪಾಯಿಗಳ ಹೆಸರು ಸಾರ್ವಜನಿಕ ಸ್ಮರಣೆಯಲ್ಲಿ ಒಂದೂ ಇಲ್ಲ. ಹುಸೇನ್ ಖಾನರ ಹೆಸರು ಉಳಿದದ್ದೂ ಆಣೆಯ ಲೆಕ್ಕದ ಜೊತೆಗೆ.

ನಗರದ ಇನ್ನೊಂದು ಕಡೆ, ನಲ್ಲಕುಂಟೆಯಲ್ಲಿ, ಸಾಂಕ್ರಾಮಿಕ ರೋಗಗಳ ಸರ್ಕಾರಿ ಆಸ್ಪತ್ರೆಯೊಂದಿದೆ. ಕಾಗದಪತ್ರಗಳಲ್ಲಿ ಅದಕ್ಕೂ ಸರ್ ರೊನಾಲ್ಡ್ ರಾಸ್ ಅವರದೇ ಹೆಸರು. ಮಳೆಗಾಲದಲ್ಲಿ ಜ್ವರ ಬಂದವರು ಆಟೋ ಹತ್ತಿ ಹೇಳುವುದು ಮಾತ್ರ ‘ಕೋರಂಟಿ ದವಾಖಾನೆ’ ಎಂದು. ಕ್ವಾರಂಟೈನ್ ಎಂಬುದು ಅವರ ನಾಲಗೆಯಲ್ಲಿ ಹಾಗೆ ಪಳಗಿದೆ.